ತಗಡಿನ ಸಾಲಿನ ಮೂಲೆಮನೆ

ಜೂನ್ 16, ಸೋಮವಾರ

ಇವತ್ತು ದ್ವಿತೀಯ ಬಿ.ಎ.ಗೆ ಅಮೆರಿಕದ ಪಾಠ ಮುಗಿಸಿದೆ. ಹತ್ತೊಂಬತ್ತನೆಯ ಶತಮಾನದ ಕೊನೆ. ಹಡಗು ತುಂಬಿ ಬಂದಿಳಿದ ಜನ, ಗಾಳಿ ಬೆಳಕಿಲ್ಲದ ಬಾಡಿಗೆ ಗೂಡುಗಳು, ಅವರ ಓಟಿನ ಬಲದಿಂದ ನಗರಗಳನ್ನೇ ನುಂಗಿದ ವಾರ್ಡಿನ ಬಾಸ್‌ಗಳು. ಹತ್ತು ಅಂಕದ ಪ್ರಶ್ನೆ ಗ್ಯಾರಂಟಿ ಎಂದ ಮೇಲೆ ಎಲ್ಲರೂ ಪೆನ್ನು ಹಿಡಿದರು. "ಒಂದು ಬುಟ್ಟಿ ಕಲ್ಲಿದ್ದಲಿಗೆ ಓಟು ಮಾರಿಕೊಂಡರು" ಎಂದು ನಾನು ಸ್ವಲ್ಪ ಬಿಸಿಯಾಗಿಯೇ ಹೇಳಿದೆ. ಮಹದೇವಿ ಎದ್ದು ನಿಂತು, "ಮೇಡಂ, ಚಳೀಲಿ ಅವ್ರಿಗೆ ಕಲ್ಲಿದ್ದಲು ಕೊಡೋರು ಬೇರೆ ಯಾರಾದ್ರೂ ಇದ್ರಾ?" ಎಂದಳು. ಅದು ಸಿಲಬಸ್‌ನಲ್ಲಿಲ್ಲ, ಕೂತ್ಕೋ ಎಂದೆ.

ಮಹದೇವಿ ನಮ್ಮ ಬೀದಿಯವಳೇ. ನಾನೂ ಅವ್ವನೂ ಬಾಡಿಗೆಗಿರುವ ಮನೆಯ ಎದುರಿಗೆ, ಹಳೇ ರೇಷ್ಮೆ ನೂಲಿನ ಕಾರ್ಖಾನೆ ಫಿಲೇಚರ್‌ನ ಗೋಡೆಗೆ ಒರಗಿಕೊಂಡು ತಗಡಿನ ಮನೆಗಳ ಒಂದು ಸಾಲಿದೆ. ಹನೂರು ಕಡೆಯವರು, ಬೆಟ್ಟದವರು, ತಮಿಳುನಾಡಿನ ಗಡಿಯವರು, ಹೀಗೆ ಕೊಳ್ಳೇಗಾಲಕ್ಕೆ ಕೂಲಿಗೆ ಬಂದು ಇಲ್ಲೇ ನೆಲೆನಿಂತವರು. ಸಾಲಿನ ಮೊದಲ ಮನೆ, ರಸ್ತೆಗೆ ಮುಖ ಮಾಡಿದ ಮೂಲೆಮನೆ, ಮಹದೇವಿಯ ತಾಯಿ ಮಾದೇವಮ್ಮಕ್ಕನದು. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡಿನಿಂದ, ಅಂದರೆ ಕಾಡಿನ ಹಾಡಿಯಿಂದ, ಬಂದವರು. ರೇಷ್ಮೆ ನೂಲು ತೆಗೆಯುವ ಕಡೆ ಕುದಿಯುವ ನೀರಿನಲ್ಲಿ ಕೈಯಾಡಿಸಿ ಮಗಳನ್ನು ಓದಿಸುತ್ತಿದ್ದಾರೆ. ಅವ್ವನಿಗೂ ಅವರಿಗೂ ನಲ್ಲಿ ಹತ್ತಿರ ಮಾತು ಶುರುವಾದರೆ ಕೊಡ ತುಂಬಿ ಹರಿದರೂ ಗೊತ್ತಾಗುವುದಿಲ್ಲ.

ಬರುವಾಗ ಟೀ ಅಂಗಡಿಯ ಮುಂದೆ ಪ್ರಭುಸ್ವಾಮಿಯ ದರ್ಬಾರು ನಡೆದಿತ್ತು. ವಾರ್ಡಿನ ಮುಖಂಡನಂತೆ. ಬಿಳಿ ಶರ್ಟು, ಕೈಯಲ್ಲೊಂದು ಕಿವಿಯಲ್ಲೊಂದು ಫೋನು. ಯಾರ ಮನೆಯ ನಲ್ಲಿ ಕಟ್ಟಾದರೂ ಇವನೇ ಕಟ್ಟು ಮಾಡಿಸಿ ಇವನೇ ಜೋಡಿಸುತ್ತಾನೆ ಎಂದು ಎಲ್ಲರಿಗೂ ಗೊತ್ತು. "ಚೆನ್ನಾಗಿದ್ದೀರಾ ಮೇಡಂ" ಎಂದ. ತಲೆ ಆಡಿಸಿ ಬಂದುಬಿಟ್ಟೆ. ಪಾಠ ಮಾಡಿ ಬರುತ್ತಿದ್ದವಳಿಗೆ ಪುಸ್ತಕದ ಚಿತ್ರವೇ ಎದುರಿಗೆ ನಿಂತಂತಾಯಿತು.

ಜುಲೈ 31ಕ್ಕೆ ನನ್ನ ಕೆಲಸದ ಆರ್ಡರು ಮುಗಿಯುತ್ತದೆ. ಅತಿಥಿ ಉಪನ್ಯಾಸಕಿ ಎಂಬ ಹೆಸರೇ ಹೇಳುತ್ತದಲ್ಲ, ಅತಿಥಿಯನ್ನು ಯಾರೂ ವರ್ಷಗಟ್ಟಲೆ ಇಟ್ಟುಕೊಳ್ಳುವುದಿಲ್ಲ.

ಜೂನ್ 27, ಶುಕ್ರವಾರ

ಪ್ರಿನ್ಸಿಪಾಲರು ಕರೆದು, ಈ ಸಲ ಇತಿಹಾಸಕ್ಕೆ ಮಕ್ಕಳು ಕಡಿಮೆ, ಆಡಳಿತ ಮಂಡಳಿ ಏನು ಮಾಡುತ್ತದೋ ಗೊತ್ತಿಲ್ಲ ಎಂದರು. ಅವರು ಗೊತ್ತಿಲ್ಲ ಎಂದರೆ ಗೊತ್ತಿದೆ ಎಂದೇ ಅರ್ಥ.

ಮನೆಗೆ ಬಂದು ಅವ್ವನಿಗೆ ಹೇಳಿದೆ. ಬೆಳ್ಳುಳ್ಳಿ ಬಿಡಿಸುತ್ತಾ ಅವ್ವ, "ಕಾಲೇಜು ಪ್ರೆಸಿಡೆಂಟು ಆ ಪ್ರಬುಸ್ವಾಮಿಗೆ ಬೀಗರಂತಲ್ಲ, ಅವ್ನಿಗೆ ಒಂದ್ ಮಾತು ಏಳ್ಬಾರ್ದಾ ಮಗ" ಎಂದಳು.

"ಎಂ.ಎ. ಓದಿರೋಳು ಅವನ ಮನೆ ಬಾಗಿಲಿಗೆ ಹೋಗಿ ನಿಂತ್ಕೋಬೇಕಾ?"

"ನಿಂತ್ಕಂಡ್ರೆ ಯಾನು, ಎಂ.ಎ. ಇಳ್ದೋಯ್ತದಾ?"

ನನಗೆ ಸಿಟ್ಟು ಬಂದು ಊಟ ಮಾಡದೆ ಮಲಗಿದೆ. ಅವ್ವನಿಗೆ ಎಲ್ಲವೂ ತಮಾಷೆ.

ಜುಲೈ 5, ಶನಿವಾರ

ಬೆಳಿಗ್ಗೆ ಅವ್ವ ಹಿತ್ತಲಿಂದ ಬಂದು ಗೋಡೆ ಹಿಡಿದು ಕುಸಿದಳು. ಉಸಿರು ಸಿಕ್ಕುತ್ತಿಲ್ಲ. ತುಟಿ ನೀಲಿ. ನಾನು ಫೋನು ಹಿಡಿದುಕೊಂಡು ಯಾವ ನಂಬರು ಒತ್ತಬೇಕೆಂದೇ ತಿಳಿಯದೆ ನಿಂತಿದ್ದೆ. ಮಾದೇವಮ್ಮಕ್ಕ ನನ್ನ ಕೂಗು ಕೇಳಿ ಓಡಿಬಂದವರು ಅವ್ವನನ್ನು ಎದೆಗೆ ಒರಗಿಸಿಕೊಂಡು ಕೂತರು. ಮಹದೇವಿಯನ್ನು ಓಡಿಸಿ ಪ್ರಭುಸ್ವಾಮಿಯ ಕಾರು ತರಿಸಿದ್ದೂ ಅವರೇ.

ಕಾರು ಓಡಿಸಿಕೊಂಡು ಆತನೇ ಬಂದಿದ್ದ. ಆಸ್ಪತ್ರೆಯಲ್ಲಿ ಹಾಸಿಗೆ ಇಲ್ಲ ಎಂದರು. ಫೋನಿನಲ್ಲಿ ಯಾರಿಗೋ ಎರಡು ಮಾತು ಹೇಳಿದ, ಹಾಸಿಗೆ ಬಂತು, ಆಮ್ಲಜನಕ ಬಂತು, ಡಾಕ್ಟರೂ ಬಂದರು. ನನ್ನ ಕೈಗೆ ಟೀ ಕೊಟ್ಟು, "ಅಳ್ಬ್ಯಾಡಿ ಮೇಡಂ, ನಿಮ್ಮವ್ವ ಅಂದ್ರೆ ನಮ್ಮವ್ವ ಅಲ್ವಾ" ಎಂದ. ಅಲ್ಲ, ಎಂದರು.

ಮಾದೇವಮ್ಮಕ್ಕ ಕೆಲಸ ಬಿಟ್ಟು ಸಂಜೆಯವರೆಗೂ ಇದ್ದರು.

ಜುಲೈ 9, ಬುಧವಾರ

ಅವ್ವ ಮನೆಗೆ ಬಂದಳು. ಬಂದವಳೇ ಸಾರಿಗೆ ಉಪ್ಪಿಲ್ಲ ಎಂದಳು, ಜೀವ ಬಂತು.

ಪ್ರಭುಸ್ವಾಮಿಯವರ ಮನೆಗೆ ಹೋಗಿ ಧನ್ಯವಾದ ಹೇಳಿ ಬಂದೆ. ಹೇಳದಿದ್ದರೆ ಮನುಷ್ಯತ್ವ ಅಲ್ಲ. ವರಾಂಡದ ತುಂಬ ಜನ. ನನ್ನನ್ನು ಕಂಡು ಒಳಗೆ ಕುರ್ಚಿ ಹಾಕಿಸಿದರು. ಕೆಲಸದ ವಿಷಯ ನಾನು ಎತ್ತಲಿಲ್ಲ. ಅವರೇ ಎತ್ತಿದರು. "ಬೀಗರ ಕಿವಿಗೆ ಆಕ್ತೀನಿ, ಬುಡಿ. ಅಲ್ಲೀಗಂಟ ಸುಮ್ನೆ ಯಾಕೆ ಕುಂತಿರ್ತೀರಿ? ತಗಡಿನ ಸಾಲಿಗೆ ಹಕ್ಕುಪತ್ರ ಕೊಡಕ್ಕೆ ಸರ್ವೆ ಬಂದದೆ. ಗುತ್ತಿಗೆ ನಮ್ಮ ಕಡೆಯವ್ರದೇ. ಓದಿರೋರು ಮಾಡಿದ್ರೆ ಚೆಂದ" ಎಂದರು.

ಒಪ್ಪಿಕೊಂಡೆ. ಬಡವರಿಗೆ ಹಕ್ಕುಪತ್ರ ಸಿಗುವ ಕೆಲಸ, ಇದರಲ್ಲಿ ಕೆಟ್ಟದ್ದೇನಿದೆ?

ಜುಲೈ 14, ಸೋಮವಾರ

ಸರ್ವೆ ಮೊದಲ ದಿನ. ಕುತ್ತಿಗೆಗೆ ಫೋಟೋ ಇರುವ ಕಾರ್ಡು, ಕೈಯಲ್ಲಿ ಅವರೇ ಕೊಟ್ಟ ಮೊಬೈಲು. ನಿಯಮ ಸರಳ. ಹತ್ತು ವರ್ಷದಿಂದ ಇಲ್ಲಿ ವಾಸವಿದ್ದು ಬೇರೆ ಕಡೆ ಸ್ವಂತ ಮನೆ ಇಲ್ಲದವರಿಗೆ ಅವರು ಕೂತಿರುವ ಜಾಗ ಅವರದೇ ಆಗುತ್ತದೆ. ಮೊಬೈಲಿನಲ್ಲಿ ಹೆಸರು, ವಯಸ್ಸು, ಕಸುಬು, ಊರು, ಹೀಗೆ ಒಂದೊಂದೇ ಖಾನೆ ತುಂಬುತ್ತಾ ಹೋಗಬೇಕು.

ಮೂಲೆಮನೆಯಿಂದಲೇ ಶುರು ಮಾಡಿದೆ. ಮಾದೇವಮ್ಮಕ್ಕ ಚಾಪೆ ಹಾಸಿ, ಲೋಟ ತೊಳೆದು ಕಾಫಿ ಕೊಟ್ಟರು.

"ನಿಮ್ಮೂರು ಯಾವ್ದಕ್ಕ?"

"ಗೊತ್ತಿಲ್ವಾ ನಿಂಗೆ? ಓಸ್ಪೋಡು ಕನವ್ವ, ಬೆಟ್ಟದ ಮೇಲೆ."

ಎಂದು ನಕ್ಕರು. ನಾನೂ ನಕ್ಕು, ಹೊಸಪೋಡು ಎಂದು ತುಂಬಿದೆ. ಪಕ್ಕದ ಮನೆ ಕೆಂಚಯ್ಯ ಶಾಗ್ಯ ಎಂದ. ನಮ್ಮೂರೇ. ಯಾರ ಮನೆ, ಯಾವ ಬೀದಿ ಎಂದು ಕೂತು ಮಾತಾಡಿದ್ದೇ ಆಯಿತು. ಅದರಾಚೆ ಪುಷ್ಪ ಎಂಬಾಕೆ ಅರ್ಧ ತಮಿಳು ಅರ್ಧ ಕನ್ನಡದಲ್ಲಿ ತಾಳವಾಡಿ ಪಕ್ಕದ ಒಂದು ಹಳ್ಳಿ ಹೇಳಿದಳು. ಆಕೆ ಹುಟ್ಟಿದ್ದು ಇದೇ ತಗಡಿನ ಕೆಳಗೆ. ಆದರೂ ಊರು ಎಂದರೆ ಅಪ್ಪನ ಊರು, ಮನೆದೇವರಿರುವ ಊರು. ನಮ್ಮ ಸೀಮೆಯಲ್ಲಿ ಯಾರನ್ನು ಕೇಳಿದರೂ ಹಾಗೇ ಹೇಳುವುದು. ಇಡೀ ಸಾಲಿನಲ್ಲಿ ಕೊಳ್ಳೇಗಾಲ ಎಂದವರು ಒಬ್ಬರೂ ಇಲ್ಲ.

ನನಗೇ ಸ್ವಲ್ಪ ಅನುಮಾನ ಬಂದು ಪ್ರಭುಸ್ವಾಮಿಯವರಿಗೆ ಫೋನು ಮಾಡಿ, ಊರು ಎಂದಲ್ಲಿ ಕೊಳ್ಳೇಗಾಲ ಎಂದು ತುಂಬಲೇ ಎಂದು ಕೇಳಿದೆ. "ಅವ್ರು ಯಾನ ಏಳ್ತಾರೋ ಅದ್ನೇ ಬರೀರಿ ಮೇಡಂ. ನಮ್ದು ಅಂತ ಒಂದಕ್ಸರನೂ ಸೇರಿಸ್ಬ್ಯಾಡಿ. ನಾಳೆ ಯಾರೂ ಬೆರಳು ತೋರಿಸ್ಬಾರ್ದು" ಎಂದರು.

ಮನುಷ್ಯನ ಬಗ್ಗೆ ನಾನು ತಪ್ಪು ತಿಳಿದಿದ್ದೆ ಅನ್ನಿಸಿತು. ಇಷ್ಟು ಕಟ್ಟುನಿಟ್ಟು ನಮ್ಮ ಕಾಲೇಜಿನಲ್ಲೂ ಇಲ್ಲ.

ಜುಲೈ 31, ಗುರುವಾರ

ಆರ್ಡರು ಮುಗಿಯಿತು. ಸ್ಟಾಫ್ ರೂಮಿನ ಬೀರುವಿನ ಕೀ ಕೊಟ್ಟು ಬಂದೆ.

ಆಗಸ್ಟ್ 11, ಸೋಮವಾರ

ಕಾಲೇಜಿನಿಂದ ಸುದ್ದಿಯಿಲ್ಲ. ಫೋನು ಸದ್ದಾದರೆ ಓಡಿಹೋಗಿ ಎತ್ತುತ್ತೇನೆ, ನೋಡಿದರೆ ಯಾವುದೋ ಲೋನ್ ಕಂಪನಿ. ಗಿರವಿ ಇಡಲು ನನ್ನ ಹತ್ತಿರ ಏನಿದೆ ಎಂದು ಅವರಿಗೇ ಕೇಳಿದೆ. ಆ ಹುಡುಗಿ ಪಾಪ ಸಾರಿ ಹೇಳಿದಳು.

ಆಗಸ್ಟ್ 19, ಮಂಗಳವಾರ

ಏನಾಗಿಹೋಯಿತು. ಇವತ್ತು ಪಟ್ಟಿ ಅಂಟಿಸಿದರು. ತಗಡಿನ ಸಾಲಿನ ಎಲ್ಲ ಹೆಸರುಗಳ ಮುಂದೆಯೂ ಒಂದೇ ಷರಾ, 'ಹೊರ ಊರಿನವರು'. ಊರು ಎಂಬ ಖಾನೆಯಲ್ಲಿ ಬೇರೆ ಊರು ಕಂಡದ್ದೇ ತಡ ಎಲ್ಲರೂ ಹೊರಗೆ. ಆಕ್ಷೇಪಣೆ ಇದ್ದವರು ವಿಚಾರಣೆಗೆ ಬರಬೇಕು, ಇಲ್ಲದಿದ್ದರೆ ಜಾಗ ತೆರವು.

ನಾನು ಓದುತ್ತಾ ನಿಂತಿದ್ದಾಗಲೇ ಜನ ಸೇರಿದರು. ಮನೆಗೆ ಬಂದೆ, ಕೆಂಚಯ್ಯ ಬಾಗಿಲಿಗೇ ಬಂದ. "ನಮ್ಮೂರೋಳು ಅಂತ ಕುಂಡ್ರಿಸ್ಕಂಡು ಮಾತಾಡಿದ್ನಲ್ಲವ್ವ. ಊರು ಕೇಳಿ ನೀನು ಊರು ಬುಡಿಸ್ತೀಯ ಅಂತ ನಂಗೆಂಗೆ ಗೊತ್ತು?" ಎಂದ. ಇಲ್ಲಿ ಬರೆದುಕೊಳ್ಳಲು ನಾಚಿಕೆಯೇನು, ನನಗೆ ಭಯವಾಯಿತು. ಮಾದೇವಮ್ಮಕ್ಕ ಒಬ್ಬರೇ, "ಅವಳ್ನ ಯಾಕ್ಲಾ ಅಂತೀಯ, ಕೇಳ್ದಳು, ನಾವು ಏಳ್ದೋ" ಎಂದು ಅವನನ್ನು ಕಳಿಸಿದರು.

ಸಂಜೆ ಪ್ರಭುಸ್ವಾಮಿಯವರು ಬಂದರು. ಸಾಲಿನ ನಡುವೆ ನಿಂತು, "ನಾನಿರೋಗಂಟ ಯಾರೂ ಎದುರ್ಕಬ್ಯಾಡಿ, ಒಂದು ತಗಡೂ ಅಲ್ಲಾಡಕ್ಕಿಲ್ಲ" ಎಂದರು. ಜನ ಸಮಾಧಾನವಾದರು. ನನಗೂ ಆಯಿತು.

ಆಗಸ್ಟ್ 23, ಶನಿವಾರ

ಮೂರು ದಿನ ಯೋಚಿಸಿ ಒಂದು ಅರ್ಜಿ ಬರೆದೆ. 'ಊರು' ಎಂದು ಕೇಳಿದರೆ ಈ ಭಾಗದ ಜನ ಮೂಲ ಊರನ್ನು ಹೇಳುತ್ತಾರೆ, ವಾಸಸ್ಥಳವನ್ನಲ್ಲ, ಇದರಲ್ಲಿ ಅವರ ತಪ್ಪಿಲ್ಲ, ಕೇಳಿದ ನನ್ನದು ಎಂದು. ಅವ್ವನಿಗೆ ಓದಿ ಹೇಳಿದೆ. "ಈಗ ನೀನು ಓದಿದ್ಕೂ ಸಾರ್ಥಕ" ಎಂದಳು.

ಕೊಡುವ ಮೊದಲು ಒಂದು ಮಾತು ತಿಳಿಸಿಬಿಡೋಣ ಎಂದು ಪ್ರಭುಸ್ವಾಮಿಯವರ ಮನೆಗೆ ಹೋದೆ. ಪೂರ್ತಿ ಓದಿದರು. "ಭಾಷೆ ಚೆನ್ನಾಗದೆ ಮೇಡಂ. ಆದ್ರೆ ಇದ್ನ ಕೊಟ್ರೆ ಮೊದ್ಲು ನಿಮ್ಮೇಲೇ ಬತ್ತದೆ. ಸರ್ವೆ ಸರಿಯಾಗಿ ಮಾಡ್ಲಿಲ್ಲ ಅಂತ ನೋಟೀಸು. ಅಂಥೋರ್ನ ಕಾಲೇಜಿಗೆ ತಕ್ಕಳಿ ಅಂತ ಬೀಗರಿಗೆ ನಾನು ಯಾವ ಮುಕ ಇಟ್ಕಂಡು ಏಳ್ಲಿ?" ಎಂದರು. ಅರ್ಜಿಯನ್ನು ಟೇಬಲ್ಲಿನ ಮೇಲಿಟ್ಟರು. "ಜನಕ್ಕೆ ಜಾಗ ಸಿಗ್ಬೇಕು ತಾನೆ? ಅದ್ನ ನಾನು ಮಾಡಿಸ್ತೀನಿ. ನಿಮ್ಮರ್ಜಿ ನನ್ತಾವೇ ಇರ್ಲಿ."

ಟೇಬಲ್ಲಿನ ಮೇಲೆಯೇ ಬಿಟ್ಟುಬಂದೆ. ಗುರಿ ಮುಖ್ಯ. ಯಾರ ಕೈಯಿಂದ ಆದರೇನು?

ಅವ್ವನಿಗೆ ಕೊಟ್ಟೆ ಎಂದೆ. ಯಾರಿಗೆ ಎಂದು ಅವಳು ಕೇಳಲಿಲ್ಲ.

ಸೆಪ್ಟೆಂಬರ್ 3, ಬುಧವಾರ

ಕೆಲಸ ಸಾಗುತ್ತಿದೆ. ಸಾಲಿನ ಜನ ಒಬ್ಬೊಬ್ಬರಾಗಿ ಪ್ರಭಣ್ಣನ ಮನೆಗೆ ಹೋಗುತ್ತಿದ್ದಾರೆ. ಎಲ್ಲರೂ ಹಾಗೇ ಕರೆಯುತ್ತಾರೆ, ನನಗೂ ಬಾಯಿಗೆ ಅದೇ ಬರುತ್ತಿದೆ. ಹೋದವರಿಗೆ, ಇವರು ಇಲ್ಲಿನ ಕಾಯಂ ವಾಸಿಗಳು ಎಂದು ಪತ್ರ ಸಿಗುತ್ತದೆ, ಹೆಸರು ಪಟ್ಟಿಗೆ ಮರಳುತ್ತದೆ. ಅದಕ್ಕೆ ಮೊದಲು ಮಾದಪ್ಪನ ವಿಭೂತಿ ಮುಟ್ಟಿಸಿ, ಚುನಾವಣೆ ಬಂದಾಗ ಮನೆಯ ಓಟೆಲ್ಲ ಪ್ರಭಣ್ಣ ಹೇಳಿದ ಕಡೆಗೇ ಎಂದು ಆಣೆ ಮಾಡಿಸುತ್ತಾರಂತೆ. ಕೆಂಚಯ್ಯ ಹೋಗಿಬಂದು ನನ್ನ ಹತ್ತಿರ ಮತ್ತೆ ಮಾತಾಡಲು ಶುರು ಮಾಡಿದ. ಪುಷ್ಪಳದೂ ಆಯಿತು.

ಮಾದೇವಮ್ಮಕ್ಕ ಮಾತ್ರ ಹೋಗಿಲ್ಲ. ಸಾಲದ್ದಕ್ಕೆ ಅವರಿಗೆ ಇನ್ನೊಂದು ಮಾತು ಬಂದಿದೆ. ಮೂಲೆಯ ಜಾಗ ಬಿಟ್ಟು ಸಾಲಿನ ಹಿಂದಿನ ತುದಿಗೆ, ಚರಂಡಿ ಪಕ್ಕಕ್ಕೆ ಹೋಗಬೇಕಂತೆ. ಮೂಲೆ ರಸ್ತೆಗೆ ಬೇಕು ಎಂದು ಪ್ರಭಣ್ಣ ಹೇಳುತ್ತಾರೆ.

ನಾನೇ ಹೋಗಿ ಮಾತಾಡಿದೆ. "ಹೋಗಿ ಬನ್ನಿ ಅಕ್ಕ. ಎಲ್ಲಿದ್ದರೂ ಒಂದೇ ತಗಡು ತಾನೆ?"

ಅವರು ಕೈ ಒರೆಸಿಕೊಳ್ಳುತ್ತಾ ನನ್ನ ಮುಖ ನೋಡಿದರು. ಬಿಸಿನೀರಿಗೆ ಬೆರಳ ತುದಿಯೆಲ್ಲ ಬೆಳ್ಳಗಾಗಿತ್ತು. "ಇಲ್ಲಿ ಮುಳ್ಳು ಕಡ್ದು ಗುಡ್ಲಾಕ್ದೋಳು ನಾನು ಕನವ್ವ. ಆಗ ಈ ಪ್ರಬುಸ್ವಾಮಿ ಇನ್ನೂ ಚಡ್ಡಿ ಆಕಂಡು ತಿರುಗ್ತಿದ್ದ. ನಮ್ಮನೆ ನಮ್ಗೆ ಕೊಡಕ್ಕೆ ಅವ್ನ್ಯಾಕೆ ಬೇಕು? ದೇವ್ರ ಮುಟ್ಟಿ ಓಟು ಒತ್ತೆ ಇಡು ಅಂದ್ರೆ ನನ್ನ ಕೈಲಾಗಕ್ಕಿಲ್ಲ."

"ಒಂದು ಮಾತು ತಾನೆ ಅಕ್ಕ?"

"ಮಾತು ಅಲ್ಲ, ಮಾದಪ್ಪ" ಎಂದರು.

ಹಟ. ಈ ಹಟದಿಂದಲೇ ನಮ್ಮ ಜನ ಕೆಡುವುದು. ಮಹದೇವಿಯಾದರೂ ಬುದ್ಧಿ ಹೇಳಬಾರದೇ? ಅವಳು ಒಲೆ ಮುಂದೆ ಪುಸ್ತಕ ಹಿಡಿದು ಕೂತಿದ್ದಳು, ತಲೆ ಎತ್ತಲಿಲ್ಲ.

ಸೆಪ್ಟೆಂಬರ್ 17, ಬುಧವಾರ

ನಾಳೆ ವಿಚಾರಣೆ. ಉಳಿದಿರುವುದು ಮೂಲೆಮನೆ ಒಂದೇ. ಸರ್ವೆ ಮಾಡಿದವಳು ಎಂದು ನಾನೂ ಹೋಗಬೇಕು. ಪ್ರಭಣ್ಣ ಫೋನು ಮಾಡಿ, "ಬೀಗರು ಇವತ್ತು ನಿಮ್ಮ ಫೈಲ್ ತರಿಸ್ಕಂಡವ್ರೆ" ಎಂದರು. ನಾಳೆಯ ಬಗ್ಗೆ ಒಂದು ಮಾತೂ ಆಡಲಿಲ್ಲ. ಅವರ ದೊಡ್ಡತನ.

ಅವ್ವ ಮಾತ್ರ, "ನಾಳೆ ಬಾಯ್ಬುಟ್ಟು ಏಳು, ಅರ್ಜೀಲಿ ಬರೆದಂಗೆ" ಎಂದಳು. ಆಗಲಿ ಎಂದೆ.

ಸೆಪ್ಟೆಂಬರ್ 18, ಗುರುವಾರ

ಇದನ್ನು ನಡೆದ ಹಾಗೆಯೇ ಬರೆದಿಡುತ್ತೇನೆ. ಆಮೇಲೆ ಯಾರಾದರೂ ಬೇರೆ ಥರ ಹೇಳಬಾರದು.

ಸಮುದಾಯ ಭವನದಲ್ಲಿ ಟೇಬಲ್ಲು ಹಾಕಿದ್ದರು. ಅಧಿಕಾರಿ ಹೊಸಬರು, ಒಳ್ಳೆಯವರ ಹಾಗೆ ಕಂಡರು. ಪ್ರಭಣ್ಣ ಪಕ್ಕದ ಕುರ್ಚಿಯಲ್ಲಿ. ನನಗೂ ಕುರ್ಚಿ ಕೊಟ್ಟರು. ಮಾದೇವಮ್ಮ ಮಗಳ ಜೊತೆ ನಿಂತಿದ್ದರು. ಅಧಿಕಾರಿ ನೀರು ಕುಡಿದು, ಸುಮ್ಮನೆ ಮಾತಿಗೆ ಎಂಬಂತೆ, "ಯಾವೂರು ಮೇಡಂ ನಿಮ್ದು?" ಎಂದು ಕೇಳಿದರು.

"ಶಾಗ್ಯ ಸಾರ್. ಹನೂರು ತಾಲ್ಲೂಕು" ಎಂದೆ.

ಹೇಳಿದ ಮೇಲೂ ನನಗೇನೂ ಅನ್ನಿಸಲಿಲ್ಲ. ಮಾದೇವಮ್ಮನೇ, "ನೋಡಿ ಸಾ, ಮೇಡಮ್ಮೂ ಶಾಗ್ಯ ಅಂದ್ರು. ಅವ್ರು ಇರೋದು ನಮ್ಮೆದುರ್ಗೇ. ಅವ್ರೂ ಒರಗಿನೋರಾ?" ಎಂದರು. ಸೇರಿದ್ದ ಜನ ನಕ್ಕರು. ಅಧಿಕಾರಿಯೂ ನಕ್ಕು, ಆಮೇಲೆ ನಗು ನಿಲ್ಲಿಸಿ ನನ್ನ ಕಡೆ ತಿರುಗಿದರು.

"ಮೇಡಂ, ನೀವು ಇವರನ್ನ ಏನಂತ ಕೇಳಿದ್ರಿ? ಎಲ್ಲಿದ್ದೀರಿ ಅಂತಾನಾ, ಯಾವೂರು ಅಂತಾನಾ?"

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಪ್ರಭಣ್ಣ ಮಾತ್ರ ನೋಡಲಿಲ್ಲ. ತಲೆ ಬಗ್ಗಿಸಿ ಫೋನು ಒತ್ತುತ್ತಾ ಇದ್ದರು. ಅವ್ವನ ಆಸ್ಪತ್ರೆ, ಬೀಗರು ತರಿಸಿಕೊಂಡ ಫೈಲು, ಬೀರುವಿನ ಕೀ ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು.

"ಮೊಬೈಲ್‌ನಲ್ಲಿ ಹೇಗಿತ್ತೋ ಹಾಗೇ ಕೇಳಿದೆ ಸಾರ್" ಎಂದೆ.

ಇದು ಸುಳ್ಳಲ್ಲ. ಮೊಬೈಲಿನಲ್ಲಿ ಇದ್ದದ್ದನ್ನೇ ಕೇಳಿದ್ದು.

"ಅಂದ್ರೆ ನಿಯಮದ ಪ್ರಕಾರ?"

"ಹೌದು ಸಾರ್."

ಅವರು ಬರೆದುಕೊಂಡರು. ಪೋಡಿನಲ್ಲಿ ಮನೆ ಇದೆಯೇ ಎಂದು ಮಾದೇವಮ್ಮನನ್ನು ಕೇಳಿದರು. "ನಮ್ಮಣ್ಣನ ಮನೆ ಅದೆ ಸಾ, ಅಬ್ಬಕ್ಕೆ ಓಯ್ತೀನಿ" ಎಂದರು. ಮನೆ ಇದೆ ಎಂದು ಅದನ್ನೂ ಬರೆದುಕೊಂಡರು. ಅದು ಮಾವನ ಮನೆ ಸಾರ್, ಅಮ್ಮನ ಹೆಸರಲ್ಲಿಲ್ಲ ಎಂದು ಮಹದೇವಿ ಜೋರಾಗಿ ಹೇಳಿದಳು. ಪ್ರಭಣ್ಣ, "ದೊಡ್ಡೋರು ಮಾತಾಡ್ವಾಗ ಸುಮ್ನಿರವ್ವ" ಎಂದು ನಯವಾಗಿಯೇ ಅಂದರು.

ಹೊರಗೆ ಬಂದಾಗ ಮಾದೇವಮ್ಮ ಮೆಟ್ಟಿಲ ಹತ್ತಿರ ನಿಂತಿದ್ದರು. ಬೈಯುತ್ತಾರೆ ಅಂದುಕೊಂಡೆ. "ನೀನು ನಗ್ತಾ ಕೇಳ್ದೆ ಕನವ್ವ. ನಾನೂ ನಗ್ತಾ ಏಳ್ದೆ" ಎಂದರು, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಸೆಪ್ಟೆಂಬರ್ 20, ಶನಿವಾರ

ಅವ್ವ ಮಾತಾಡುತ್ತಿಲ್ಲ. ತಟ್ಟೆ ಮುಂದಿಟ್ಟು ಒಳಗೆ ಹೋಗುತ್ತಾಳೆ. ನಲ್ಲಿಗೆ ನೀರಿಗೂ ಹೋಗುತ್ತಿಲ್ಲ, ನನ್ನನ್ನೇ ಕಳಿಸುತ್ತಾಳೆ.

ನಾನು ಬೇರೆ ಏನಾದರೂ ಹೇಳಿದ್ದರೆ ಎಲ್ಲರ ಪಟ್ಟಿಯೂ ಮತ್ತೆ ಕೆದಕುತ್ತಿದ್ದರು. ಕೆಂಚಯ್ಯ, ಪುಷ್ಪ, ಎಲ್ಲರಿಗೂ ತೊಂದರೆ. ಒಂದು ಮನೆಗೋಸ್ಕರ ಇಡೀ ಸಾಲನ್ನು ಅಪಾಯಕ್ಕೆ ಒಡ್ಡುವುದು ಯಾವ ನ್ಯಾಯ? ಹೀಗೆ ಯೋಚಿಸಿದರೆ ನಾನು ಮಾಡಿದ್ದೇ ಸರಿ ಕಾಣುತ್ತದೆ.

ನಿದ್ದೆಯಿಲ್ಲ.

ಸೆಪ್ಟೆಂಬರ್ 29, ಸೋಮವಾರ

ಆರ್ಡರು ಬಂತು. ಈ ಸಲ ಪೂರ್ತಿ ವರ್ಷಕ್ಕೆ. ಪ್ರಭಣ್ಣನ ಕಡೆಯ ಮಾದು ಮನೆಗೇ ತಂದುಕೊಟ್ಟ. ಮೈಸೂರು ಪಾಕ್ ತಂದೆ. ಅವ್ವ ಸಕ್ಕರೆ ಕಾಯಿಲೆ ಎಂದು ಮುಟ್ಟಲಿಲ್ಲ. ಅವಳಿಗೆ ಸಕ್ಕರೆ ಕಾಯಿಲೆ ಯಾವಾಗ ಬಂತು?

ಅಕ್ಟೋಬರ್ 15, ಬುಧವಾರ

ಹೊಸ ತಂಡಕ್ಕೆ ಅಮೆರಿಕದ ಪಾಠ. ಪಠ್ಯಪುಸ್ತಕ ಬರೆದವರು ಒಂದೇ ಕಡೆಯಿಂದ ನೋಡಿದ್ದಾರೆ ಎಂದು ಈ ಸಲ ಸ್ಪಷ್ಟವಾಗಿ ಹೇಳಿದೆ. ಗುರುತು ಪರಿಚಯವಿಲ್ಲದ ನಗರಕ್ಕೆ ಬಂದಿಳಿದ ಬಡವರಿಗೆ ಕೆಲಸ ಕೊಡಿಸಿದವರು, ಸತ್ತರೆ ಹೆಣ ಎತ್ತಿಸಿದವರು ಈ ವಾರ್ಡಿನ ಮುಖಂಡರೇ. ಸರ್ಕಾರ ಮಾಡದ್ದನ್ನು ಅವರು ಮಾಡಿದರು, ಅದಕ್ಕೆ ಜನ ಋಣ ತೀರಿಸಿದರು. ಬರೀ ಭ್ರಷ್ಟಾಚಾರ ಎಂದುಬಿಟ್ಟರೆ ಇತಿಹಾಸ ಅರ್ಥವಾಗುವುದಿಲ್ಲ. ಮಕ್ಕಳು ಚೆನ್ನಾಗಿ ಕೇಳಿಸಿಕೊಂಡರು. ಪ್ರೌಢವಾದ ಪಾಠವಾಯಿತು.

ಮುಗಿಸಿ ಬಂದರೆ ಸ್ಟಾಫ್ ರೂಮಿನ ಬಾಗಿಲಲ್ಲಿ ಮಹದೇವಿ. ಟಿ.ಸಿ. ತೆಗೆದುಕೊಳ್ಳುತ್ತಿದ್ದಾಳೆ, ಬಾಕಿ ಏನೂ ಇಲ್ಲ ಎಂದು ನನ್ನ ಸಹಿ ಬೇಕಾಗಿತ್ತು. ಯಳಂದೂರಿನಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದು ಅಲ್ಲೇ ಕಾಲೇಜಿಗೆ ಸೇರುತ್ತಾಳಂತೆ. ಕೊನೇ ವರ್ಷದಲ್ಲಿ ಕಾಲೇಜು ಬದಲಾಯಿಸುವುದು ಒಳ್ಳೆಯದಲ್ಲ ಎಂದೆ.

"ಇಲ್ಲಿರಕ್ಕೆ ಮನೆ ಬೇಕಲ್ಲ ಮೇಡಂ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ.

ಪುಸ್ತಕ ಬೇಕಿದ್ದರೆ ಕೇಳು ಎಂದೆ. ಸಹಿ ಮಾಡುವಾಗ ಪೆನ್ನು ಎರಡು ಸಲ ನಿಂತಿತು. ಕಾಲೇಜಿನವರು ಕೊಡುವ ಪೆನ್ನುಗಳೇ ಹಾಗೆ.

ನವೆಂಬರ್ 3, ಸೋಮವಾರ

ತೆರವಿನ ನೋಟೀಸಿನ ಗಡುವು ಮುಗಿದು ಮೂಲೆಮನೆಯವರು ಇವತ್ತು ಖಾಲಿ ಮಾಡಿದರು. ನಾನು ಕಾಲೇಜಿನಲ್ಲಿದ್ದೆ. ಅವ್ವ ಬಸ್‌ಸ್ಟ್ಯಾಂಡ್‌ವರೆಗೆ ಹೋಗಿದ್ದಳಂತೆ, ಆ ಉಸಿರಾಟದಲ್ಲಿ ಪಾತ್ರೆ ಮೂಟೆ ಹೊತ್ತುಕೊಂಡು. ಹೆಚ್ಚುಕಡಿಮೆಯಾದರೆ ಯಾರು ನೋಡಬೇಕು ಎಂದು ರೇಗಿದೆ. "ನಿಮ್ಮ ಪ್ರಬಣ್ಣ ಅವ್ನಲ್ಲ" ಎಂದಳು. ಸಕ್ಕರೆ ಕಾಯಿಲೆ ಎಂದ ದಿನದಿಂದ ಅವಳು ಆಡಿದ ಮೊದಲ ಮಾತು ಇದು.

ನವೆಂಬರ್ 9, ಭಾನುವಾರ

ನಾಳೆ ಹಕ್ಕುಪತ್ರ ವಿತರಣೆ. ಶಾಮಿಯಾನ, ಮೈಕು, ಬೆಳಿಗ್ಗೆಯಿಂದ ಒಂದೇ ಗದ್ದಲ. ಮೂಲೆಯ ಜಾಗ ಮಟ್ಟ ಮಾಡಿ ಎರಡು ಕಂಬ ನೆಟ್ಟು ದೊಡ್ಡ ಫ್ಲೆಕ್ಸ್ ಕಟ್ಟಿದ್ದಾರೆ. ರಸ್ತೆಗೆ ಎಂದಿದ್ದರು, ಈಗ ಅಲ್ಲಿ ಪ್ರಭಣ್ಣನ ಆಫೀಸು ಬರುತ್ತದಂತೆ. ಇರಲಿ, ಜನಕ್ಕೆ ದೂರ ಓಡಾಡುವುದು ತಪ್ಪಿತು.

ಹಾಲು ತರಲು ಹೋದವಳು ಫ್ಲೆಕ್ಸ್ ನೋಡುತ್ತಾ ನಿಂತೆ. ಮೇಲೆ ಕೈಮುಗಿದ ಪ್ರಭಣ್ಣ. ಕೆಳಗೆ ಶುಭ ಕೋರುವವರು ಎಂದು ಎರಡು ಸಾಲು ಮುಖಗಳು. ಎರಡನೆಯ ಸಾಲಿನ ಕೊನೆಯಲ್ಲಿ ನಾನು.

ಕೇಳಲೂ ಇಲ್ಲ, ಹೇಳಲೂ ಇಲ್ಲ. ಸರ್ವೆ ಕಾರ್ಡಿನ ಫೋಟೋ. ತಲೆಗೆ ಎಣ್ಣೆ ಹಚ್ಚಿಕೊಂಡು, ಕಣ್ಣು ಪಿಳಿಪಿಳಿ ಬಿಡುತ್ತಾ, ರೇಷನ್ ಕಾರ್ಡಿಗೆ ತೆಗೆಸಿದ ಹಾಗಿದೆ. ಹೆಸರು ಬರೀ 'ದೀಪ' ಎಂದಿದೆ. ಎಂ.ಎ. ಇಲ್ಲ, ಉಪನ್ಯಾಸಕಿ ಎಂದೂ ಇಲ್ಲ. ಎಸ್ಸೆಸ್ಸೆಲ್ಸಿ ಮುಗಿಸದ ಮಾದು ಮೊದಲ ಸಾಲಿನಲ್ಲಿ ಕೂಲಿಂಗ್ ಗ್ಲಾಸ್ ಹಾಕಿಕೊಂಡು ನಿಂತಿದ್ದಾನೆ. ನಾಳೆ ಕಾಲೇಜಿನವರೆಲ್ಲ ಬರುತ್ತಾರೆ, ಪ್ರೆಸಿಡೆಂಟರೂ ಬರುತ್ತಾರೆ.

ಮನೆಗೆ ಬಂದಾಗ ಅವ್ವ, ಅದರಲ್ಲಿ ಯಾರ್ಯಾರವ್ರೆ ಎಂದು ಕೇಳಿದಳು. ನನ್ನ ಕಣ್ಣಿಗೆ ಸರಿಯಾಗಿ ಕಾಣಲಿಲ್ಲ ಎಂದೆ.

ಪ್ರಭಣ್ಣ ಬೆಳಿಗ್ಗೆ ಬೇಗ ಏಳುತ್ತಾರೆ. ಜನ ಸೇರುವ ಮೊದಲೇ ಹೋಗಿ ಹೇಳಿದರೆ ಇನ್ನೊಂದು ಫ್ಲೆಕ್ಸ್ ಮಾಡಿಸಿಯಾರು. ಸ್ಟುಡಿಯೋ ಸಂಜೆ ಏಳು ಗಂಟೆಯವರೆಗೆ ತೆರೆದಿರುತ್ತದೆ. ರೇಷ್ಮೆ ಸೀರೆ ಉಟ್ಟು ಈಗಲೇ ಹೋಗಿ ಒಂದು ಒಳ್ಳೆಯ ಫೋಟೋ ತೆಗೆಸಿಕೊಂಡು ಬರುತ್ತೇನೆ.